ಏಳನೆಯ ಕಲಮಿನ ಕಿಟಕಿ

“ಮನೆಯ ಸಮಸ್ತ ನಿವಾಸಿಗಳ ಗಮನಕ್ಕೆ. ನೆಲಮಾಳಿಗೆಯ ಉತ್ತರದ ಕಿಟಕಿಯು ಮನೆ ನಿಯಮಾವಳಿಯ ಏಳನೆಯ ಕಲಮಿನಂತೆ ಮೇ ತಿಂಗಳಿಂದ ಸೆಪ್ಟೆಂಬರ್ ತಿಂಗಳವರೆಗೆ ಹಗಲಿಡೀ ತೆರೆದಿರತಕ್ಕದ್ದು. ಸದರಿ ಕಿಟಕಿಯನ್ನು ಅನಾಮಧೇಯ ವ್ಯಕ್ತಿಯೊಬ್ಬರು ಪದೇ ಪದೇ ಮುಚ್ಚುತ್ತಿರುವುದು ವಿಷಾದನೀಯ. ಸದರಿ ವ್ಯಕ್ತಿಯು ಸದರಿ ಕೃತ್ಯವನ್ನು ಈ ಕೂಡಲೇ ನಿಲ್ಲಿಸತಕ್ಕದ್ದು. ಇಂತಿ, ಎಗೋನ್ ಬ್ರೊಯ್ನಿಂಗ್, ಮೊದಲನೆಯ ಮಹಡಿ.”

ಸದರಿ ಕಿಟಕಿ ಎಷ್ಟು ದೊಡ್ಡದೆಂದರೆ ಬೆಕ್ಕೊಂದು ಉಸಿರು ಬಿಗಿಹಿಡಿದರೆ ಒಳಗೆ ತೂರಬಹುದು. ಹಿಂದಿನ ರಾತ್ರಿ ಹೊಟ್ಟೆತುಂಬ ಉಂಡಿದ್ದರೆ ಅದೂ ಆಗದು. ಸದರಿ ವ್ಯಕ್ತಿಯಾದರೋ ಹೆಗಲಿಗೆ ಚೀಲ ನೇತುಹಾಕಿಕೊಂಡು, ಮೆಟ್ಟಿಲ ಬುಡದಲ್ಲಿ ನಿಂತು, ತನ್ನ ಬಗ್ಗೆಯೇ ಬರೆದ ಈ ಶಾಸನವನ್ನು ಎರಡನೆಯ ಸಲ ಓದುತ್ತಿದ್ದಳು. ಮೂರೇ ಸಂಸಾರ ಇರುವ ಮನೆಯಲ್ಲಿ ಅನಾಮಧೇಯಳಾಗುವ ಭಾಗ್ಯ ಯಾರಿಗುಂಟು? ಇರ್ಮೆಲಾ ರೆಬ್‌ಮಾನ್ ಎಂದು ಹೆಸರು ಬರೆದು ಬೈದಿದ್ದರೆ ಆಕೆಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬೆಳಗಿನ ಪಾಳಿಯ ಬಸ್ಸು ಓಡಿಸಿ ಬಂದವಳ ಕಿವಿಯ ಹಿಂದೆ ಬಿಸಿ ಏರಿತು. ಚೀಲ ಅಲ್ಲೇ ಕೆಳಗಿಟ್ಟು ನೆಲಮಾಳಿಗೆಗೆ ಇಳಿದಳು.

ನೆಕ್ಕಾರ್ ಹೊಳೆಯ ದಂಡೆಯ ಆ ಓಣಿಯಲ್ಲಿ ಮನೆಗಳು ಹಳೆಯವು, ಮನೆಗಳಿಗಿಂತ ಅವುಗಳ ಕೆಳಗಿನ ನೆಲಮಾಳಿಗೆಗಳು ಇನ್ನೂ ಹಳೆಯವು. ಯಾವ ಕಾಲದಲ್ಲೋ ದ್ರಾಕ್ಷಿ ಬೆಳೆಯುವವರು ಪೀಪಾಯಿ ಇಡಲೆಂದು ಕಟ್ಟಿದ ಕಲ್ಲಿನ ಕಮಾನು. ಈಗ ಅಲ್ಲಿ ಪೀಪಾಯಿಯಿಲ್ಲ. ಆಲೂಗಡ್ಡೆ, ಮುರಿದ ಸೈಕಲ್ಲು, ಚೆರ್ರಿ ಹಣ್ಣಿನ ಜಾಮು ತುಂಬಿದ ಗಾಜಿನ ಭರಣಿಗಳು. ಜುಲೈ ತಿಂಗಳ ಸೆಕೆಗೆ ಮನುಷ್ಯರು ಬೆವರುವುದು ಸರಿ. ಇಲ್ಲಿ ಗೋಡೆ ಬೆವರುತ್ತಿತ್ತು. ಕಲ್ಲಿನ ಸಂದಿಯಿಂದ ನೀರು ಇಳಿದು ನೆಲದ ಮೇಲೆ ಹೊಳೆಯುತ್ತಿತ್ತು. ಜಾಮಿನ ಭರಣಿಗಳಿಗೆ ಅಂಟಿಸಿದ್ದ ಚೀಟಿಗಳು ಕಳಚಿ ಬಿದ್ದು, ಯಾವುದು ಯಾವ ವರ್ಷದ್ದು ಎಂದು ದೇವರೇ ಹೇಳಬೇಕಿತ್ತು. ಕಿಟಕಿ ಹಾರುಹೊಡೆದಿತ್ತು. ಮುಗ್ಗಲು ವಾಸನೆ ಅವಳ ಮೂಗಿಗಿಂತ ಮೊದಲು ಅವಳ ಸಿಟ್ಟಿಗೆ ಬಡಿಯಿತು. ಖಾಲಿ ಡಬ್ಬವೊಂದರ ಮೇಲೆ ಹತ್ತಿ, ಕಿಟಕಿಯನ್ನು ಎಳೆದು, ಮುಷ್ಟಿಯಿಂದ ಗುದ್ದಿ ಮುಚ್ಚಿದಳು.

ಮೇಲೆ, ಅಂದರೆ ಸರಿಯಾಗಿ ಆ ಕಮಾನಿನ ನೆತ್ತಿಯ ಮೇಲೆ, ಅವಳ ಗಂಡ ಆಲ್ಫೋನ್ಸ್ ಮೂರು ದಿಂಬಿಗೆ ಒರಗಿ ಕೂತಿದ್ದ.

“ಮುಚ್ಚಿದ್ಯಾ?”

“ಮುಚ್ದೆ.”

“ಶಬ್ದ ಕೇಳಿಸ್ತು. ಬಸ್ಸಿನ ಬಾಗ್ಲು ಹಂಗೆ ಮುಚ್ಚಿದ್ರೆ ಜನ ಕಂಪ್ಲೇಂಟ್ ಕೊಡ್ತಾರೆ ಕಣೇ.”

“ಬಸ್ಸಲ್ಲಿ ಬ್ರೊಯ್ನಿಂಗ್ ತಲೆ ಸಿಕ್ಕಿದ್ರೆ ಇನ್ನೂ ಜೋರಾಗಿ ಮುಚ್ತೀನಿ.”

ಆಲ್ಫೋನ್ಸ್ ನಗಲು ಹೋಗಿ ಕೆಮ್ಮಿದ. ಅವನ ಕೆಮ್ಮು ಒಮ್ಮೆ ಹೊರಟರೆ ತನ್ನ ಕೆಲಸ ಪೂರೈಸದೆ ಒಳಗೆ ಹೋಗುವುದಿಲ್ಲ. ಚರ್ಚುಗಳ ಸವೆದ ಕಲ್ಲುಗಳನ್ನು ತೆಗೆದು ಹೊಸ ಕಲ್ಲು ಕೆತ್ತಿ ಕೂರಿಸುವ ಕುಟಿಗ ಅವನು. ಕಲ್ಲು ಕುಟ್ಟಿದ್ದು ಹೊರಗೆ; ಪುಡಿ ಸೇರಿದ್ದು ಎದೆಗೆ. ಈಗ ಅವನಿಗೆ ಮೆಟ್ಟಿಲು ಹತ್ತಲಾಗದು. ನೆಲದ ಮಹಡಿಯ ಎರಡು ಕೋಣೆ, ಒಂದು ಅಡಿಗೆಮನೆ, ಅಷ್ಟೇ ಅವನ ಪ್ರಪಂಚ. ಆ ಪ್ರಪಂಚದ ಮೂಲೆಮೂಲೆಯಲ್ಲೂ ನೆಲದಿಂದ ಮೇಲಕ್ಕೆ ಮೊಣಕಾಲೆತ್ತರದ ತನಕ ಕಪ್ಪು ಬೂಷ್ಟು ಹತ್ತಿತ್ತು. ಇರ್ಮೆಲಾ ಅದನ್ನು ತಿಕ್ಕಿ ಅಳಿಸುತ್ತಿದ್ದಳು. ಅದು ನೆಂಟರಂತೆ ಮತ್ತೆ ಬರುತ್ತಿತ್ತು.

ಡಾಕ್ಟರಮ್ಮ ಬಂದಾಗ ಎದೆಗೆ ಕೊಳವೆ ಇಡುವ ಮೊದಲೇ ಗೋಡೆ ನೋಡಿದ್ದಳು. “ಸೆಪ್ಟೆಂಬರ್ ಮುಗಿಯೋದ್ರೊಳಗೆ ಈ ರೂಮು ಒಣಗ್ಬೇಕು. ಇಲ್ದಿದ್ರೆ ಚಳಿಗಾಲಕ್ಕೆ ಇವರನ್ನ ಗುಡ್ಡದ ಮೇಲಿನ ಆರೈಕೆ ಮನೆಗೆ ಕಳಿಸ್ಲೇಬೇಕು. ನಾನೇ ಬರೆದುಕೊಡ್ತೀನಿ” ಎಂದಿದ್ದಳು.

“ಅಲ್ಲಿಂದ ಯಾರೂ ವಾಪಸ್ ಬಂದದ್ದು ನಾನು ನೋಡಿಲ್ಲ” ಎಂದಿದ್ದ ಆಲ್ಫೋನ್ಸ್, “ಊಟ ಅಷ್ಟು ಚೆನ್ನಾಗಿರ್ಬೇಕು.”

ಡಾಕ್ಟರಮ್ಮ ನಗಲಿಲ್ಲ. ಇರ್ಮೆಲಾ ಅಂದಿನಿಂದ ನಕ್ಕಿರಲಿಲ್ಲ.

ತೇವ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾದದ್ದು ಆಕಸ್ಮಿಕ. ಜೂನ್ ತಿಂಗಳಲ್ಲಿ ಪಕ್ಕದ ಮನೆಗೆ ಸುಣ್ಣ ಬಳಿಯುವವರು ಬಂದು, ಅಟ್ಟಣಿಗೆ ಕಟ್ಟಿ, ಈ ಕಿಟಕಿಗೂ ಸೇರಿಸಿ ದಪ್ಪ ತಾಡಪಾಲು ಬಿಗಿದಿದ್ದರು. ಗಾಳಿಯಾಡದೆ ಮನೆ ಕೊಳೆತು ಹೋಗುತ್ತದೆಂದು ಎಲ್ಲರೂ ಕಂಗಾಲಾದರು. ಕೊಳೆಯುವುದಿರಲಿ, ನೆಲಮಾಳಿಗೆ ಒಣಗತೊಡಗಿತು. ವಾಸನೆ ತಗ್ಗಿತು. ಒಂದು ಬೆಳಗ್ಗೆ ಇರ್ಮೆಲಾ ಎದ್ದಾಗ ಪಕ್ಕದಲ್ಲಿ ಸದ್ದೇ ಇಲ್ಲ. ಹೆದರಿ ಗಂಡನ ಮೂಗಿಗೆ ಬೆರಳಿಟ್ಟು ನೋಡಿದಳು. ಅವನು ನಿದ್ದೆ ಮಾಡುತ್ತಿದ್ದ, ಅಷ್ಟೆ. ತಾಡಪಾಲು ಬಿಚ್ಚಿದರು, ಬ್ರೊಯ್ನಿಂಗ್ ಕಿಟಕಿ ತೆರೆದರು, ವಾರದೊಳಗೆ ಗೋಡೆ ಮತ್ತೆ ಬೆವರಿತು, ಎದೆ ಮತ್ತೆ ಗೊರಗೊರ ಎಂದಿತು.

ಆ ದಿನಗಳಲ್ಲೇ ಒಂದು ಸಂಜೆ ಆಲ್ಫೋನ್ಸ್ ಫ್ರಿಜ್ಜಿನಿಂದ ಬಿಯರ್ ಬಾಟಲಿ ತರಿಸಿ ಮೇಜಿನ ಮೇಲಿಟ್ಟ. ಇಬ್ಬರೂ ನೋಡುತ್ತ ಕೂತರು. ಬಾಟಲಿಯ ಮೈತುಂಬ ನೀರಿನ ಹನಿ ಕಟ್ಟಿತು, ಒಂದು ಹನಿ ಜಾರಿ ಮೇಜಿಗಿಳಿಯಿತು.

“ನಮ್ಮ ನೆಲಮಾಳಿಗೆ” ಎಂದ ಆಲ್ಫೋನ್ಸ್. “ಬಿಸಿ ಗಾಳಿ ಬಂದು ತಣ್ಣನೆ ಮೈಗೆ ಬಡಿದ್ರೆ ಹಿಂಗೇ. ನಾವು ಕಿಟಕಿ ತೆಗೆದು ಒಣಗಿಸ್ತಿರ್ಲಿಲ್ಲ ಮಾರಾಯ್ತಿ, ನೀರು ತುಂಬಿಸ್ತಿದ್ವಿ.” ಆಮೇಲೆ ಪ್ರಯೋಗ ವ್ಯರ್ಥವಾಗಬಾರದೆಂದು ಬಾಟಲಿ ಕುಡಿದು ಮುಗಿಸಿದ.

ಇದನ್ನು ಆ ಊರಿನಲ್ಲಿ ಬಾಯಿಬಿಟ್ಟು ಹೇಳುವುದೆಂದರೆ ದೇವಸ್ಥಾನದಲ್ಲಿ ನಿಂತು ದೇವರಿಲ್ಲ ಎಂದಂತೆ. ಅಲ್ಲಿ ಕೂಸು ಹುಟ್ಟಿದರೆ ಕಿಟಕಿ ತೆಗೆಯುತ್ತಾರೆ, ಜ್ವರ ಬಂದರೆ ಕಿಟಕಿ ತೆಗೆಯುತ್ತಾರೆ, ಗಂಡಹೆಂಡಿರು ಜಗಳವಾಡಿದರೆ ಮೂರನೆಯವರು ಬಂದು ಮೊದಲು ಕಿಟಕಿ ತೆಗೆದು ಆಮೇಲೆ ಪಂಚಾಯ್ತಿ ಮಾಡುತ್ತಾರೆ, ಜೀವ ಹೋದರೂ ಅದು ಹೊರಗೆ ಹೋಗಲೆಂದು ಕಿಟಕಿಯನ್ನೇ ತೆಗೆಯುತ್ತಾರೆ. ಹೊರಗೆ ಹಿಮ ಬೀಳುತ್ತಿದ್ದರೂ ದಿನಕ್ಕೆರಡು ಸಲ ಗಾಳಿ ಆಡಿಸದವಳು ಗೃಹಿಣಿಯೇ ಅಲ್ಲ. ಇರ್ಮೆಲಾ ಕೂಡ ವರ್ಷಗಟ್ಟಲೆ ಆ ನೆಲಮಾಳಿಗೆಯ ಕಿಟಕಿಯನ್ನು ಶ್ರದ್ಧೆಯಿಂದ ತೆರೆದವಳೇ. ಅವಳ ಸಿಟ್ಟಿಗೆ ಅರ್ಧ ಉರಿ ಅಲ್ಲಿಂದಲೇ ಬರುತ್ತಿತ್ತು.

ಇವತ್ತು ಇರ್ಮೆಲಾ ಕಿಟಕಿ ಮುಚ್ಚಿ ಬಂದು ಇನ್ನೂ ಕೂತಿರಲಿಲ್ಲ, ಬಾಗಿಲು ಬಡಿಯಿತು. ಎರಡು ಸಲ, ಹದವಾಗಿ. ಬ್ರೊಯ್ನಿಂಗ್ ಅವರೇ.

ಅವರು ಆಸ್ತಿ ನೋಂದಣಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಕಾಲುಚೀಲಕ್ಕೂ ಇಸ್ತ್ರಿ ಹಾಕುವ ಪೈಕಿ. ಮನೆ ನಿಯಮಾವಳಿ ಬರೆದವರು ಅವರು, ಓದಿದವರೂ ಅವರೊಬ್ಬರೇ. ಆ ಸೀಮೆಯಲ್ಲಿ ಗುಡಿಸುವ ವಾರವೆಂದು ಒಂದು ಪದ್ಧತಿ ಇದೆ: ವಾರಕ್ಕೊಂದು ಸಂಸಾರದಂತೆ ಮೆಟ್ಟಿಲು, ಅಂಗಳ, ನೆಲಮಾಳಿಗೆ ಗುಡಿಸಬೇಕು. ಯಾರ ವಾರವೋ ಅವರ ಬಾಗಿಲಿಗೆ ಮರದ ಹಲಗೆಯೊಂದು ನೇತಾಡುತ್ತದೆ. ಹಲಗೆ ಯಾರ ಬಾಗಿಲಲ್ಲೋ ಕಿಟಕಿಯ ಅಧಿಕಾರವೂ ಅವರದ್ದೇ.

“ರೆಬ್‌ಮಾನ್ ಅವ್ರೇ, ಕಿಟಕಿ ಮುಚ್ಚಿದೆ” ಎಂದರು ಬ್ರೊಯ್ನಿಂಗ್.

“ಹೌದಾ? ಆ ಅನಾಮಧೇಯರನ್ನ ಕೇಳಿ.”

“ಈ ವಾರ ಹಲಗೆ ನನ್ನ ಬಾಗ್ಲಲ್ಲಿದೆ.”

“ಹಲಗೆ ನಿಮ್ಮ ಬಾಗ್ಲಲ್ಲಿರ್ಲಿ, ತೇವ ನನ್ನ ಗಂಡನ ಎದೇಲಿದೆ. ನಾನೆಷ್ಟು ಸಲ ಹೇಳ್ಲಿ ನಿಮ್ಗೆ? ಹೊರಗಿನ ಸೆಕೆ ಗಾಳಿನೇ ಒಳಗೆ ಬಂದು ನೀರಾಗ್ತಿರೋದು.”

“ಗಾಳಿ ಆಡಿದ್ರೆ ತೇವ ಹೋಗುತ್ತೆ. ಇದು ನಮ್ಮಜ್ಜಿಗೂ ಗೊತ್ತಿತ್ತು.”

“ನಿಮ್ಮಜ್ಜಿ ಫ್ರಿಜ್ಜಿಂದ ಬಿಯರ್ ಬಾಟ್ಲಿ ತೆಗೆದು ನೋಡಿದ್ರಾ?”

“ನಮ್ಮನೇಲಿ ಯಾರೂ ಬಿಯರ್ ಕುಡಿಯಲ್ಲ.”

“ಹಾಲಿನ ಬಾಟ್ಲಿ ಇಟ್ಕೊಳ್ಳಿ. ಅದೂ ಬೆವರುತ್ತೆ. ನಿಮ್ಮನೇಲಿ ಬೆವರೋದೇ ನಿಷೇಧ ಅಂದ್ರೆ ನಾನೇನ್ ಮಾಡ್ಲಿ?”

ಬ್ರೊಯ್ನಿಂಗ್ ತಮ್ಮ ಬೂಟಿನ ತುದಿ ನೋಡಿಕೊಂಡರು. “ನೀವು ಹೇಳೋದು ಸರಿಯೇ ಇರ್ಬಹುದು” ಎಂದರು ಮೆಲ್ಲಗೆ. “ಹಾಗಿದ್ರೆ ನಿಯಮ ತಿದ್ದಿಸ್ಬೇಕು. ತಿದ್ದೋ ತನಕ ಅದು ನಿಯಮ.”

ನಿಯಮ ಎಂಬ ಮಾತಿನೊಳಗೆ ಯಮ ಕಾಲು ಚಾಚಿ ಕೂತಿರುತ್ತಾನೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಅವನಿಗೂ ಒಂದು ಗುಡಿಸುವ ವಾರ ಗೊತ್ತುಮಾಡುತ್ತಿದ್ದರು.

ಮಾರನೆಯ ದಿನ ಕಿಟಕಿಗೆ ಸರಪಳಿ ಬಂತು, ಸರಪಳಿಗೆ ಬೀಗ ಬಂತು. ಕಳ್ಳರು ಬಾರದಿರಲೆಂದು ಜಗತ್ತೆಲ್ಲ ಕಿಟಕಿ ಮುಚ್ಚಿ ಬೀಗ ಹಾಕಿದರೆ, ಬ್ರೊಯ್ನಿಂಗ್ ಕಿಟಕಿ ತೆರೆದು ಬೀಗ ಹಾಕಿದ್ದರು. ಇರ್ಮೆಲಾ ಅದನ್ನು ನೋಡಿದಳು, ಸರಪಳಿ ಎಳೆದಳು, ಬೆರಳು ತರಚಿಕೊಂಡಳು. ಮೇಲೆ ಹೋಗಿ ಹಳೆಯ ಗರಿ ತುಂಬಿದ ರಜಾಯಿ ತಂದು ಆ ಕಂಡಿಗೆ ತುರುಕಿ ತುರುಕಿ ಮುಚ್ಚಿದಳು. ಹೊರಗೆ ಓಣಿಯಲ್ಲಿ ಹೋಗುವವರಿಗೆ ಮನೆ ಹೆರುತ್ತಿದೆಯೋ ಏನೋ ಎಂಬಂತೆ ಅರ್ಧ ರಜಾಯಿ ಹೊರಗೆ ಉಬ್ಬಿಕೊಂಡಿತ್ತು.

ಸಂಜೆ ಮತ್ತೆ ಎರಡು ಹದವಾದ ಬಡಿತ. ಬ್ರೊಯ್ನಿಂಗ್ ರಜಾಯಿಯನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು, ಬಾಗಿನ ಕೊಡಲು ಬಂದವರ ಹಾಗೆ.

“ನಿಮ್ಮ ರಜಾಯಿ. ತೇವ ಆಗಿದೆ, ಒಣಗಿಸ್ಕೊಳ್ಳಿ.”

“ಬೆಳಿಗ್ಗೆ ಹಾಕುವಾಗ ಒಣಗಿತ್ತು. ತೇವ ಎಲ್ಲಿಂದ ಬಂತು ಬ್ರೊಯ್ನಿಂಗ್ ಅವ್ರೇ?”

ಅವರು ರಜಾಯಿ ನೋಡಿದರು. ಬೆರಳಿನಿಂದ ಒತ್ತಿ ನೋಡಿದರು. ಉತ್ತರ ಹೊಳೆಯುವಂತೆ ಕಂಡಿತು. ಆದರೆ ಅದಕ್ಕಿಂತ ಮುಂಚೆ ನಿಯಮ ಹೊಳೆಯಿತು. “ಹೊರಗೋಡೆಯಿಂದ ಬಟ್ಟೆಬರೆ ಇಳಿಬಿಡೋ ಹಾಗಿಲ್ಲ. ನಾಲ್ಕನೇ ಕಲಂ” ಎಂದು ಹೇಳಿ ಮೆಟ್ಟಿಲು ಹತ್ತಿದರು.

ಇರ್ಮೆಲಾ ಆ ರಜಾಯಿಯನ್ನು ಬಾಗಿಲಿಗೆ ಎಸೆದ ಸದ್ದಿಗೆ ಎರಡನೆಯ ಮಹಡಿಯಿಂದ ನೆರ್ಮಿನ್ ಇಳಿದು ಬಂದಳು. ಪೇಟೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದು. ತುರ್ಕಿಯಿಂದ ಬಂದವರ ಮಗಳು. ಇರ್ಮೆಲಾಳನ್ನು ಮೊದಲ ದಿನದಿಂದಲೇ ಅಕ್ಕ ಎಂದವಳು, ಹಾಗಾಗಿ ಆಲ್ಫೋನ್ಸ್ ತಾನಾಗಿ ಭಾವನಾಗಿದ್ದ.

“ಯಾರ್ ಸತ್ರು ಅಕ್ಕಾ?”

“ಇನ್ನೂ ಇಲ್ಲ. ನನ್ನ ಕೈಯಲ್ಲಿ ಒಬ್ರು ಸಾಯೋದಿದೆ.”

ನೆರ್ಮಿನ್ ಕೂತು ಎಲ್ಲ ಕೇಳಿದಳು. ಆಮೇಲೆ ತಲೆ ಒಣಗಿಸುವ ಯಂತ್ರ ಮಾರುವವನು ತನ್ನ ಅಂಗಡಿಗೆ ಹಾಕಿಕೊಟ್ಟ ಫ್ಯಾನಿನ ಕಥೆ ಹೇಳಿದಳು. “ಅದಕ್ಕೆ ಒಳಗೊಂದು ಮೂಗು, ಹೊರಗೊಂದು ಮೂಗು ಅಕ್ಕಾ. ಎರಡೂ ಕಡೆ ಗಾಳಿ ಮೂಸಿ ನೋಡುತ್ತೆ. ಹೊರಗಿನ ಗಾಳಿ ಒಣಗಿದ್ರೆ ಮಾತ್ರ ತಿರುಗುತ್ತೆ, ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಕೂತಿರುತ್ತೆ. ಕೆಲವರಿಗಿಂತ ಬುದ್ಧಿ ಜಾಸ್ತಿ.”

“ಹಂಗಾದ್ರೆ ಬ್ರೊಯ್ನಿಂಗ್‌ಗೂ ಒಂದು ಹಾಕ್ಸೋಣ” ಎಂದ ಆಲ್ಫೋನ್ಸ್ ಒಳಗಿನಿಂದ.

ಆದರೆ ಫ್ಯಾನು ಕೂರಿಸಲು ಗೋಡೆಗೆ ತೂತು ಕೊರೆಯಬೇಕು, ಗೋಡೆ ಮೂವರಿಗೂ ಸೇರಿದ್ದು. ಮೂವರೂ ಸಭೆ ಸೇರಿ ಒಪ್ಪಬೇಕು. ಸಭೆ ವರ್ಷಕ್ಕೊಂದು. ಈ ವರ್ಷದ್ದು ಆಗಸ್ಟ್ ಕೊನೆಗೆ, ತಿಳಿವಳಿಕೆ ಪತ್ರ ಆಗಲೇ ಬಂದಾಗಿತ್ತು. ಅಲ್ಲಿಯತನಕ ಇರ್ಮೆಲಾ ತನ್ನ ವಾರದಲ್ಲಿ ಕಿಟಕಿ ಮುಚ್ಚಿದಳು, ನೆರ್ಮಿನ್ ತನ್ನ ವಾರದಲ್ಲಿ ಮರೆತಂತೆ ನಟಿಸಿ ಮುಚ್ಚಿದಳು, ಬ್ರೊಯ್ನಿಂಗ್ ತಮ್ಮ ವಾರದಲ್ಲಿ ತೆರೆದು ಸರಪಳಿ ಬಿಗಿದರು, ವಾರ ಮುಗಿದೊಡನೆ ನಿಯಮದಂತೆ ಬಿಚ್ಚಿದರು. ಎರಡು ವಾರ ಒಣಗಿದ್ದು ಒಂದು ವಾರದಲ್ಲಿ ನೆನೆಯುತ್ತಿತ್ತು.

ಸಭೆ ಓಣಿಯ ತುದಿಯ, ಊಟ ಬಿಯರ್ ಸಿಗುವ ಛತ್ರದ ಹಿಂಗೋಣೆಯಲ್ಲಿ ನಡೆಯಿತು. ಮನೆಯ ಲೆಕ್ಕಪತ್ರ, ರಿಪೇರಿ ನೋಡಿಕೊಳ್ಳಲು ಮೂವರೂ ಸೇರಿ ನೇಮಿಸಿಕೊಂಡ ವಿಬ್ಕೆ ಹಾರ್ಮ್ಸ್ ಮೇಜಿನ ತಲೆಗೆ ಕೂತಿದ್ದಳು. ಉತ್ತರದ ಸಮುದ್ರ ಕಡೆಯವಳು; ಮಾತಿಗಿಂತ ಗಡಿಯಾರ ಹೆಚ್ಚು ನೋಡುವವಳು. ಆಲ್ಫೋನ್ಸ್ ತಾನೂ ಬರುತ್ತೇನೆಂದು ಹಟ ಹಿಡಿದಿದ್ದ. ಆ ಒಂದು ಓಣಿ ದಾಟಲು ಅವನಿಗೆ ದಾರಿಯಲ್ಲಿದ್ದ ಪ್ರತಿ ಕಲ್ಲುಬೆಂಚೂ ಬೇಕಾಯಿತು. ಒಳಗೆ ಬಂದು ಕುರ್ಚಿಗೆ ಕುಸಿದಾಗ ತುಟಿ ನೀಲಿಯಾಗಿತ್ತು. ಚಳಿಗಾಲದಿಂದೀಚೆಗೆ ಬ್ರೊಯ್ನಿಂಗ್ ಅವನನ್ನು ನೋಡಿರಲಿಲ್ಲ. ಕೆಮ್ಮು ಕೇಳಿದ್ದರು, ಅಷ್ಟೆ. ಕೆಮ್ಮಿಗೆ ಮುಖ ಇರುವುದನ್ನು ನೋಡಿ ಅವರು ಎದ್ದು ನಿಂತುಬಿಟ್ಟರು, ಮತ್ತೆ ಕೂತರು.

ಮೆಟ್ಟಿಲಿನ ದೀಪ ಹಳದಿಯೋ ಬಿಳಿಯೋ ಎಂಬುದಕ್ಕೆ ಮುಕ್ಕಾಲು ಗಂಟೆ ಹೋಯಿತು. ಅಂಗಳದಲ್ಲಿ ಸೈಕಲ್ಲು ಗೋಡೆಗೆ ಒರಗಿಸಬೇಕೋ ಕಂಬಕ್ಕೋ ಎಂಬುದಕ್ಕೆ ಅದಕ್ಕಿಂತ ಹೆಚ್ಚು. ಗುಡಿಸುವ ವಾರದ ಹಲಗೆಗೆ ವಾರ್ನಿಷ್ ಹಚ್ಚುವುದೆಂದು ಸರ್ವಾನುಮತದಿಂದ ಆಯಿತು. ಇರ್ಮೆಲಾಳ ತಟ್ಟೆಯಲ್ಲಿ ಮಾಂಸದ ಕಡುಬು ತಣ್ಣಗಾಗಿ ಕೊಬ್ಬು ಬೆಳ್ಳಗಾಯಿತು. ಕೊನೆಗೆ ವಿಬ್ಕೆ ಗಡಿಯಾರ ನೋಡಿ, “ಇತರೆ ವಿಷಯಗಳು. ಏನಾದ್ರೂ ಇದ್ಯಾ?” ಎಂದಳು.

ಇರ್ಮೆಲಾ ಎದ್ದಳು. ಮಾತನ್ನು ಬಸ್ಸಿನಲ್ಲಿ ಕೂತು ವಾರವಿಡೀ ಬಾಯಿಪಾಠ ಮಾಡಿದ್ದಳು. ಮೊದಲು ನಮಸ್ಕಾರ, ಆಮೇಲೆ ವಿನಂತಿ, ಆಮೇಲೆ ಫ್ಯಾನಿನ ಗುಣಗಾನ. ಎದ್ದು ನಿಂತಾಗ ಅದೆಲ್ಲ ಎಲ್ಲಿ ಹೋಯಿತೋ.

“ದೀಪಕ್ಕೆ ಮುಕ್ಕಾಲು ಗಂಟೆ ಕೊಟ್ರಿ” ಎಂದಳು. “ಸೈಕಲ್ಲಿಗೆ ಒಂದು ಗಂಟೆ. ಈ ಮನುಷ್ಯನಿಗೆ ಎಷ್ಟು ಕೊಡ್ತೀರಿ? ಕೆಳಗಿನ ನೀರು ಇವನ ಎದೆಗೆ ಏರ್ತಿದೆ, ನೀವು ಹಲಗೆಗೆ ವಾರ್ನಿಷ್ ಹಚ್ತಿದೀರಿ. ಒಂದು ತೂತು ಕೇಳ್ತಿದೀನಿ, ಒಂದು ತೂತು. ಅದಕ್ಕೂ ಆಗಲ್ಲ ಅಂದ್ರೆ ಹೇಳಿಬಿಡಿ, ನಾನೇ ಸುತ್ತಿಗೆ ತಗೊಂಡು ಇಡೀ ಗೋಡೆ ಬೀಳಿಸ್ತೀನಿ, ಆಮೇಲೆ ಎಷ್ಟು ಬೇಕೋ ಅಷ್ಟು ಗಾಳಿ ಆಡ್ಲಿ.”

ಛತ್ರದವಳು ಖಾಲಿ ಲೋಟ ಎತ್ತಲು ಬಂದವಳು ಹಾಗೇ ಹಿಂದೆ ಸರಿದಳು.

ಆಲ್ಫೋನ್ಸ್ ಉಸಿರು ಕೂಡಿಸಿಕೊಂಡು ಕೇಳಿದ: “ಬ್ರೊಯ್ನಿಂಗ್ ಅವ್ರೇ, ನನಗೊಂದು ಅನುಮಾನ. ನಾನು ಹೋದ್ಮೇಲೆ ನನ್ನ ಪಾಲಿನ ಗುಡಿಸೋದು ಯಾರ ತಲೆಗೆ? ಅದಕ್ಕೆ ಕಲಂ ಇದ್ಯಾ?”

“ಹನ್ನೊಂದನೇದು” ಎಂದರು ಬ್ರೊಯ್ನಿಂಗ್ ತಕ್ಷಣ. “ಹೆಂಡತಿಗೆ.” ಹೇಳಿದ ಮೇಲೆ ತಾವು ಏನು ಹೇಳಿದೆವೆಂಬುದು ಅವರ ಕಿವಿಗೆ ಬಿತ್ತು. ಕಿವಿ ಕೆಂಪಾಯಿತು.

ಆಲ್ಫೋನ್ಸ್‌ಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು, ಕೆಮ್ಮು ಮೇಜಿನ ಮೇಲಿನ ಚಮಚಗಳನ್ನು ಅಲುಗಾಡಿಸಿತು. ಅದು ನಿಲ್ಲುವವರೆಗೆ ಬ್ರೊಯ್ನಿಂಗ್ ಅವನನ್ನೇ ನೋಡುತ್ತಿದ್ದರು. ನಿಂತ ಮೇಲೆ, ಇನ್ನೂ ವಿಬ್ಕೆ ಮತಕ್ಕೆ ಹಾಕುವ ಮೊದಲೇ, ಅವರ ಬಲಗೈ ಮೇಲೆದ್ದಿತ್ತು. ಇರ್ಮೆಲಾ ಅದನ್ನು ವಿರೋಧದ ಕೈ ಎಂದೇ ತಿಳಿದಳು.

“ಪರವಾಗಿ” ಎಂದರು ಬ್ರೊಯ್ನಿಂಗ್. “ತೂತಿಗೂ. ಫ್ಯಾನಿಗೂ. ಫ್ಯಾನು ಬರೋ ತನಕ ಕಿಟಕಿ ಮುಚ್ಚೋದಕ್ಕೂ.”

ಆ ರಾತ್ರಿಯೇ ಸರಪಳಿ ಬಿಚ್ಚಿತು. ಮುಂದಿನ ದಿನಗಳಲ್ಲಿ ಇರ್ಮೆಲಾ ಏನು ಮಾಡುವುದೆಂದು ತೋಚದೆ ತಬ್ಬಿಬ್ಬಾದಳು. ಸಿಟ್ಟು ಹೊತ್ತು ಅಭ್ಯಾಸವಾದ ಹೆಗಲಿಗೆ ಅದು ಇಳಿದಾಗ ಒಂದು ಬಗೆಯ ಬೋಳು. ಚೆರ್ರಿ ಜಾಮಿನ ಭರಣಿಯೊಂದನ್ನು ಒರೆಸಿ ಬ್ರೊಯ್ನಿಂಗ್ ಅವರಿಗೆ ಕೊಟ್ಟಳು. ಅವರು ಯಾವ ವರ್ಷದ್ದೆಂದು ಕೇಳಿದರು. ಇವಳು ನಕ್ಕಳು. ಫ್ಯಾನು ಪೆಟ್ಟಿಗೆಯಲ್ಲಿ ಬಂದು ಅಡಿಗೆಮನೆಯಲ್ಲಿ ಕೂತಿತು; ಆಲ್ಫೋನ್ಸ್ ಅದರ ಮೇಲೆ ಕಾಲು ಚಾಚಿಕೊಂಡು ಪತ್ರಿಕೆ ಓದಿದ. ಗೋಡೆ ಕೊರೆಯುವವನು ಸೋಮವಾರ ಬರುತ್ತೇನೆಂದಿದ್ದ. ಕಿಟಕಿ ಮುಚ್ಚಿತ್ತು. ನೆಲದ ಹತ್ತಿರ ಕಪ್ಪು ಬೂಷ್ಟು ತಿಕ್ಕಿದ ಜಾಗದಲ್ಲಿ ಈ ಸಲ ಮತ್ತೆ ಬಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಹದವಾಗಿ ಎರಡು ಬಡಿತ.

ಬ್ರೊಯ್ನಿಂಗ್ ಕೋಟು ತೊಟ್ಟಿದ್ದರು, ಕುತ್ತಿಗೆಯ ಗುಂಡಿಯೂ ಹಾಕಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ.

“ಒಂದು ವಿಷಯ ನಾನೇ ಬಂದು ಹೇಳ್ಬೇಕು ಅನ್ನಿಸ್ತು. ಸೋಮವಾರ ಕೊರೆಯೋನು ಬರಲ್ಲ. ಹಾರ್ಮ್ಸ್ ಅವರು ತಡೆಹಿಡಿದಿದಾರೆ.”

“ಯಾಕೆ?”

“ನಾನು ತಕರಾರು ಹಾಕಿದೀನಿ. ಕೋರ್ಟಿಗೆ.”

ಇರ್ಮೆಲಾಗೆ ಮೊದಲು ಅರ್ಥವಾಗಲಿಲ್ಲ. “ಯಾವುದರ ಮೇಲೆ?”

“ನಮ್ಮ ತೀರ್ಮಾನದ ಮೇಲೆ. ಸಭೆಯ ತಿಳಿವಳಿಕೆ ಪತ್ರದಲ್ಲಿ ಫ್ಯಾನಿನ ವಿಷಯ ಇರ್ಲಿಲ್ಲ. ನಾವು ಅದನ್ನ ‘ಇತರೆ’ಯಲ್ಲಿ ತಗೊಂಡ್ವಿ. ಇತರೆಯಲ್ಲಿ ಮಾತಾಡ್ಬಹುದು, ತೀರ್ಮಾನ ಮಾಡೋ ಹಾಗಿಲ್ಲ. ಮಾಡಿದ್ರೆ ಅದು ನಿಲ್ಲಲ್ಲ.”

“ನೀವು ಕೈ ಎತ್ತಿದ್ರಿ.”

“ಎತ್ತಿದೆ. ಮುಂದಿನ ಸಭೇಲೂ ಎತ್ತೀನಿ. ನಾನು ಪೂರ್ತಿ ನಿಮ್ಮ ಪರ ರೆಬ್‌ಮಾನ್ ಅವ್ರೇ.”

“ಆವತ್ತೇ ಗೊತ್ತಿತ್ತಾ ನಿಮ್ಗೆ?”

ಬ್ರೊಯ್ನಿಂಗ್ ಬಾಗಿಲ ಚೌಕಟ್ಟಿನ ಬಣ್ಣ ಎದ್ದ ಜಾಗವೊಂದನ್ನು ಉಗುರಿನಿಂದ ಒತ್ತಿ ಸರಿಮಾಡಿದರು. “ಆವತ್ತು ನಿಮ್ಮೆಜಮಾನ್ರು ಕೆಮ್ತಿದ್ರು. ನನಗೆ ಬೇರೆ ಏನೂ ತಲೆಗೆ ಹೋಗ್ಲಿಲ್ಲ. ಮನೆಗೆ ಬಂದ್ಮೇಲೆ ಹೊಳೀತು. ಹೊಳೆದ್ಮೇಲೆ... ಸುಮ್ನಿರೋಕಾಗ್ಲಿಲ್ಲ. ತುಂಬಾ ದಿನ ಪ್ರಯತ್ನಪಟ್ಟೆ.”

“ಯಾರು ಕೇಳಿದ್ರು ನಿಮ್ಮನ್ನ? ಮೂರು ಜನ ಇರೋದು. ಮೂರೂ ಜನ ಒಪ್ಪಿದ್ವಿ. ತಕರಾರು ಯಾರದ್ದು?”

“ಇವತ್ತು ನಿಮ್ಮ ಪರವಾಗಿ ಇತರೆಯಲ್ಲಿ ಮಾಡಿದ್ವಿ. ನಾಳೆ ನೀವು ಸಭೆಗೆ ಬರ್ದಿರೋ ದಿನ ನಿಮ್ಮ ವಿರುದ್ಧ ಮಾಡ್ತಾರೆ. ಆಗ ನಿಮ್ಮನ್ನ ಕಾಯೋದು ಇದೇ ನಿಯಮ.”

ಅದು ಸುಳ್ಳಲ್ಲ. ಸುಳ್ಳಲ್ಲದ್ದರಿಂದಲೇ ಇರ್ಮೆಲಾಗೆ ಅವರ ಕುತ್ತಿಗೆಯ ಗುಂಡಿ ಹಿಡಿದು ಅಲ್ಲಾಡಿಸಬೇಕೆನಿಸಿತು. ಕೈ ಏಳಲಿಲ್ಲ. ಕೇಳಿದ್ದು ಇಷ್ಟೇ: “ಮತ್ತೆ ಸಭೆ ಯಾವಾಗ?”

“ವಿಶೇಷ ಸಭೆ ಕರೀಬಹುದು. ಮೂರು ವಾರದ ಮುಂಗಡ ತಿಳಿವಳಿಕೆ ಕೊಡ್ಬೇಕು. ಹಾರ್ಮ್ಸ್ ಅವ್ರು ರಜೆ ಹಾಕಿ ಊರಿಗೆ ಹೋಗ್ತಿದಾರೆ, ಆಮೇಲೆ ಬೇರೆ ಮನೆಗಳ ಸಭೆ. ನವೆಂಬರ್ ಹದಿನಾಲ್ಕು ಖಾಲಿ ಇದೆಯಂತೆ. ನಾನು ಹಿಡಿದಿಟ್ಟಿದೀನಿ.”

“ಡಾಕ್ಟರು ಹೇಳಿರೋದು ಸೆಪ್ಟೆಂಬರ್.”

“ಗೊತ್ತು.”

“ಕಿಟಕಿ?”

ಬ್ರೊಯ್ನಿಂಗ್ ಅವರ ಬಾಗಿಲಿಗೆ ನಾಳೆಯಿಂದ ಹಲಗೆ ಬರುವುದಿತ್ತು. “ತೀರ್ಮಾನ ಇಲ್ಲ ಅಂದ್ಮೇಲೆ... ಹಳೇ ಕಲಮೇ.”

“ಬ್ರೊಯ್ನಿಂಗ್ ಅವ್ರೇ” ಎಂದಳು ಇರ್ಮೆಲಾ. ದನಿ ಏರಲಿಲ್ಲ, ಅದನ್ನು ಕೇಳಿ ಒಳಗಿದ್ದ ಆಲ್ಫೋನ್ಸ್ ಪತ್ರಿಕೆ ಕೆಳಗಿಟ್ಟ. “ನೀವು ಕೆಟ್ಟೋರಾಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು. ನನಗೊಬ್ಬ ಶತ್ರು ಅಂತಾದ್ರೂ ಇರ್ತಿದ್ದ.”

ಬಾಗಿಲು ಮುಚ್ಚಿದಳು. ಬಡಿಯಲಿಲ್ಲ.

ಭಾನುವಾರದಿಂದ ಮಳೆ ಹಿಡಿಯಿತು, ಬೆಚ್ಚಗಿನ ಜಿಗುಟು ಮಳೆ. ಕಿಟಕಿ ತೆರೆದಿತ್ತು. ಎರಡೇ ದಿನದಲ್ಲಿ ಮಂಚದ ಕಾಲುಗಳ ಬುಡದಲ್ಲಿ ನೆಲ ಮತ್ತೆ ಹೊಳೆಯತೊಡಗಿತು. ಇರ್ಮೆಲಾ ಅದನ್ನು ಒರೆಸದೆ ನೋಡುತ್ತ ನಿಂತಿದ್ದಾಗ ನೆರ್ಮಿನ್ ಅಂಗಡಿಗೆ ಬಾಗಿಲು ಹಾಕಿ ನೇರ ಒಳಗೆ ಬಂದಳು. ಕೇಳಲಿಲ್ಲ, ಹೇಳಿದಳು:

“ನನ್ನ ಹಾಲ್ ಒಣಗಿದೆ. ಹಾಸಿಗೆ ಎತ್ತು ಅಕ್ಕಾ.”

“ನಾನು ಹತ್ತಲ್ಲ” ಎಂದ ಆಲ್ಫೋನ್ಸ್. “ಹತ್ತಿದ್ರೆ ಮತ್ತೆ ಇಳಿಯೋದು ನಾಲ್ಕು ಜನರ ಹೆಗಲ ಮೇಲೇ.”

“ಹೆಗಲು ನಾನು ಹುಡುಕ್ತೀನಿ ಭಾವ. ನೀವೀಗ ಏಳಿ.”

ಇರ್ಮೆಲಾ ಹಾಸಿಗೆ ಸುರುಳಿ ಸುತ್ತಿ ಹೆಗಲಿಗೇರಿಸಿ ಮುಂದೆ ನಡೆದಳು. ನೆರ್ಮಿನ್ ದಿಂಬುಗಳನ್ನೂ ಔಷಧಿಯ ಚೀಲವನ್ನೂ ಹಿಡಿದಳು. ಆಲ್ಫೋನ್ಸ್ ಕಟಕಟೆಗೆ ಎರಡೂ ಕೈ ಕೊಟ್ಟು, ಒಂದು ಮೆಟ್ಟಿಲಿಗೆ ಎರಡೂ ಪಾದ ಕೂಡಿಸಿ, ನಿಂತು, ಉಸಿರು ಹುಡುಕಿ, ಮುಂದಿನದಕ್ಕೆ ಕಾಲಿಟ್ಟ. ಮೊದಲ ಮಹಡಿಯ ತಿರುವಿನಲ್ಲಿ, ಬ್ರೊಯ್ನಿಂಗ್ ಅವರ ಬಾಗಿಲ ಹತ್ತಿರ, ಅವನ ಕೆಮ್ಮು ಹೊರಟಿತು. ಮನೆಯ ಮಧ್ಯದಲ್ಲಿ, ಎಲ್ಲ ಬಾಗಿಲುಗಳಿಗೂ ಕೇಳುವಂಥ ಜಾಗದಲ್ಲಿ ಅದು ಬಹಳ ಹೊತ್ತು ನಡೆಯಿತು.

ಇರ್ಮೆಲಾ ಅದಾಗಲೇ ಮೇಲಿನ ಮೆಟ್ಟಿಲಲ್ಲಿದ್ದಳು. ಹಾಸಿಗೆಯ ಸುರುಳಿ ಕತ್ತು ತಿರುಗಿಸಲು ಬಿಡಲಿಲ್ಲ. ಕೆಳಗೆ ಬಾಗಿಲೊಂದು ತೆರೆದ ಸದ್ದು. ಕುರ್ಚಿಯ ಕಾಲು ಕಲ್ಲಿಗೆ ಉಜ್ಜಿದ ಸದ್ದು. ಮೆಟ್ಟಿಲ ದಾರಿಯಲ್ಲಿ ಏನನ್ನೂ ಇಡಬಾರದೆಂಬುದು ಎರಡನೆಯ ಕಲಂ. ಕೆಮ್ಮು ತಗ್ಗಿತು.

ಅವಳು ಹಾಸಿಗೆಯನ್ನು ಗೋಡೆಗೆ ಒತ್ತಿ ಹಿಡಿದು ಕಟಕಟೆಯ ಸಂದಿಯಿಂದ ಬಗ್ಗಿ ನೋಡಿದಳು. ಗಂಡನ ಬೋಳುತಲೆ ಕಂಡಿತು. ಅದರ ಪಕ್ಕದಲ್ಲಿ ನೀರಿನ ಲೋಟ ಹಿಡಿದ ಎರಡು ಕೈಗಳು. ಇಸ್ತ್ರಿ ಮಾಡಿದ ತೋಳಿನ ತುದಿಯವರೆಗೆ ಕಂಡವು, ಅದರಿಂದಾಚೆ ಕಾಣಲಿಲ್ಲ. ಅವು ಲೋಟವನ್ನು ಆಲ್ಫೋನ್ಸ್‌ನ ಬಾಯಿಗೆ ಹಿಡಿದವು.

ಇರ್ಮೆಲಾ ಹಾಸಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮೇಲಕ್ಕೆ ಹತ್ತಿದಳು.